ಬುಟ್ಟಿ ಒಣಗುವ ತನಕ

ವಿಜಯದಶಮಿ, ರಾತ್ರಿ

ಬೆಂಗಳೂರಿನಲ್ಲಿ ತಾಳಗುಪ್ಪದ ರೈಲು ಹತ್ತುವಾಗ ನನ್ನ ಹತ್ತಿರ ಮೂರು ಚೀಲ ಇದ್ದವು. ಒಂದರಲ್ಲಿ ಬಟ್ಟೆ. ಒಂದರಲ್ಲಿ ಬಣ್ಣ, ಬ್ರಷ್ಷು, ಕತ್ತರಿ, ಗೋಂದು, ಅಳತೆ ಟೇಪು. ಮೂರನೆಯದರಲ್ಲಿ ರೆಕಾರ್ಡರ್ ಮತ್ತು ಅರ್ಧ ಮುಗಿದ ನಾಲ್ಕು ಬೊಂಬೆ ತಲೆ. ಎದುರು ಸೀಟಿನ ಹುಡುಗ ಚೀಲದ ಬಾಯಿಂದ ಇಣುಕುತ್ತಿದ್ದ ತಲೆಯನ್ನು ನೋಡಿ ಅಮ್ಮನ ಪಕ್ಕಕ್ಕೆ ಸರಿದ.

"ನೀವು ಏನು ಮಾಡ್ತೀರಿ ಮೇಡಂ?" ಅಂತ ಅವನಮ್ಮ ಕೇಳಿದರು.

ಇದಕ್ಕೆ ನನ್ನ ಹತ್ತಿರ ನೆಟ್ಟಗಿನ ಉತ್ತರ ಇಲ್ಲ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುತ್ತೇನೆ. ನಾಟಕಕ್ಕೆ ಪರದೆ ಮಾಡುತ್ತೇನೆ, ಬೊಂಬೆ ಕಟ್ಟುತ್ತೇನೆ, ಸದ್ದು ಜೋಡಿಸುತ್ತೇನೆ. ಅರ್ಜಿಗಳಲ್ಲಿ 'ಬಹುಶಿಸ್ತೀಯ ಕಲಾವಿದೆ' ಅಂತ ಬರೆಯಬೇಕಾಗುತ್ತದೆ. ಶಿಸ್ತು ಅನ್ನೋ ಪದ ಕೇಳಿದರೆ ನಮ್ಮ ಮನೆಯವರು ನಗುತ್ತಾರೆ. ಒಮ್ಮೆ 'ಯಾವ ಕ್ಷೇತ್ರ' ಅನ್ನೋ ಕಡೆ ಎರಡು ಟಿಕ್ ಹಾಕಿದ್ದೆ, ಅರ್ಜಿ ವಾಪಸ್ ಬಂತು. ಹಾಗಾಗಿ ರೈಲಿನಲ್ಲಿ "ಚಿತ್ರ ಬರೀತೀನಿ" ಅಂದು ಸುಮ್ಮನಾದೆ. ಹುಡುಗ ಮಾತ್ರ ಶಿವಮೊಗ್ಗದ ತನಕ ಚೀಲದ ಮೇಲೆ ಒಂದು ಕಣ್ಣಿಟ್ಟೇ ಇದ್ದ.

ಡಿಸೆಂಬರಿನಲ್ಲಿ ಒಂದು ಮಕ್ಕಳ ನಾಟಕ ಇದೆ. ಒಂದು ಭತ್ತದ ಗದ್ದೆ, ಅದರಲ್ಲೊಂದು ರಾತ್ರಿ, ಅಷ್ಟೇ ಕಥೆ. ಪರದೆ, ಬೊಂಬೆ, ಸದ್ದು ಮೂರೂ ನನ್ನ ಮೇಲೆ. ಮನೆಯಲ್ಲಿ ಕೂತು ಒಂದು ತಿಂಗಳು ಒದ್ದಾಡಿದೆ. ನಾನು ಬರೆದ ಗದ್ದೆಗಳೆಲ್ಲ ಕ್ಯಾಲೆಂಡರ್ ಗದ್ದೆಗಳ ಹಾಗೆ ಕಾಣುತ್ತಿದ್ದವು. ಹೆಗ್ಗೋಡಿನ ಕಡೆಯ ಗೆಳತಿಯೊಬ್ಬಳು ಫೋನಿನಲ್ಲಿ ಹೇಳಿದಳು: "ಭೂಮಿ ಹುಣ್ಣಿಮೆಗೆ ಬಾ. ದಸರಾ ಮುಗಿದ ಮೇಲೆ ಐದು ದಿನ ಇಲ್ಲಿ ಬುಟ್ಟಿ ಮೇಲೆ ಚಿತ್ತಾರ ಬರೀತಾರೆ, ಹುಣ್ಣಿಮೆ ದಿನ ಅದ್ರಲ್ಲೇ ಗದ್ದೆಗೆ ಊಟ ಹೊರ್ತಾರೆ, ಅದೇ ಭೂಮಣ್ಣಿ ಬುಟ್ಟಿ. ಉಳಿಯೋಕೆ ನಮ್ಮ ಪಕ್ಕದ ಮನೆ ಅಕ್ಕ ಇದ್ದಾರೆ."

ಮೊದಲ ದಿನ, ಏಕಾದಶಿ

ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಾಗ ಪೂರ್ತಿ ಬೆಳಕಾಗಿರಲಿಲ್ಲ. ಮಂಜು ಹಳಿಗಳ ಮೇಲೆ ಕೂತಿತ್ತು. ಆಟೋದವರು "ಜೋಗಕ್ಕಾ ಮೇಡಂ?" ಅಂದರು. ಈ ಐದು ದಿನದಲ್ಲಿ ಇದೇ ಪ್ರಶ್ನೆಯನ್ನು ಹನ್ನೊಂದು ಜನ ಕೇಳಿದರು. ಜೋಗಕ್ಕೆ ಹೋಗಲೇ ಇಲ್ಲ, ಈಗಲೇ ಹೇಳಿಬಿಡುತ್ತೇನೆ.

ಅಕ್ಕ ಒಂದು ಕೆಲಸ ವಹಿಸಿದ್ದರು. ಅವರ ಹಳೆಯ ಬುಟ್ಟಿಗಳನ್ನು ಇಲಿ ಕಡಿದಿತ್ತಂತೆ. ಪೇಟೆಯಲ್ಲಿ ಮೇದಾರರ ಹತ್ತಿರ ಎರಡು ಹೊಸ ಬುಟ್ಟಿ ತರಬೇಕು, ಒಂದು ದೊಡ್ಡದು, ಒಂದು ಚಿಕ್ಕದು. ಅಂಗಡಿಯ ಯಜಮಾನರು ನಾನು ಆರಿಸಿದ ಬುಟ್ಟಿಯನ್ನು ಕೈಯಿಂದ ಕಿತ್ತುಕೊಂಡು ಪಕ್ಕಕ್ಕಿಟ್ಟರು.

"ಭೂಮಣ್ಣಿ ಬುಟ್ಟಿಗೆ ಇದು ಆಗಲ್ಲ. ಸಂದು ಜಾಸ್ತಿ. ಸಗಣಿ ನಿಲ್ಲಲ್ಲ."

ಇನ್ನೊಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಿದಿರಿನ ಎಳೆಗಳ ನಡುವೆ ಬೆಳಕು ಬರುತ್ತಲೇ ಇರಲಿಲ್ಲ. ಚಿತ್ರ ಬರೆಯುವವಳು ನಾನು, ಆದರೆ ಹಿಡಿದು ನೋಡಬೇಕು ಅಂತ ತಲೆಗೇ ಬಂದಿರಲಿಲ್ಲ.

ಹೆಗ್ಗೋಡು ಸಾಗರದಿಂದ ಹತ್ತಿರ. ಬಸ್ಸಿನಲ್ಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಿಂದ ಯಾರಿಗೂ ನಾನು ಯಾಕೆ ಬಂದಿದ್ದೇನೆ ಅಂತ ಹೇಳಬೇಕಾಗಲಿಲ್ಲ. ನೀನಾಸಂ ಮುಂದೆ ಇಳಿದು ಸ್ವಲ್ಪ ಹೊತ್ತು ಸುಮ್ನೆ ಓಡಾಡಿದೆ. ನೀನಾಸಂ ಅಂದರೆ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಶುರುವಾದದ್ದು 1949ರಲ್ಲಿ. ರಂಗಶಿಕ್ಷಣ ಕೇಂದ್ರ 1980ರಲ್ಲಿ, ಊರೂರು ಸುತ್ತುವ ತಿರುಗಾಟ 1985ರಲ್ಲಿ. ಇದನ್ನೆಲ್ಲ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದವರು. ನಾಟಕ ಮಾಡಿಸಿದರು, ಅನುವಾದ ಮಾಡಿದರು, ಅಕ್ಷರ ಪ್ರಕಾಶನ ನಡೆಸಿದರು, ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದರು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಅರ್ಜಿ ತುಂಬಿದ್ದರೆ ಎಲ್ಲಿ ಟಿಕ್ ಹಾಕುತ್ತಿದ್ದರೋ. ಶಿವರಾಮ ಕಾರಂತ ರಂಗಮಂದಿರದ ಹೊರಗೆ ಇಬ್ಬರು ಹುಡುಗಿಯರು ಜೋರಾಗಿ ಮಾತು ಹೇಳಿಕೊಳ್ಳುತ್ತ ಕಸ ಗುಡಿಸುತ್ತಿದ್ದರು. ಮಾತು ಮರೆತಾಗ ಪೊರಕೆ ನಿಲ್ಲುತ್ತಿತ್ತು. ಅದನ್ನೇ ನಿಂತು ಬರೆದುಕೊಂಡೆ, ಇವತ್ತಿನ ಒಂದೇ ಒಂದು ಚಿತ್ರ.

ಅಕ್ಕನ ಮನೆ ಅಲ್ಲಿಂದ ಎರಡು ಕಿಲೋಮೀಟರ್ ಒಳಗೆ. ಮುಂದೆ ಗದ್ದೆ, ಹಿಂದೆ ತೋಟ. ಮನೆಯಲ್ಲಿ ಅಕ್ಕ, ಅವರ ಯಜಮಾನರು, ಹೈಸ್ಕೂಲಿಗೆ ಹೋಗುವ ಮಗ, ಮತ್ತೆ ಅಜ್ಜಿ. ದೀವರು ಅನ್ನೋ ಸಮುದಾಯದ ಮನೆ. ಗೋಡೆಯ ಮೇಲೆ ಮಗಳ ಮದುವೆಗೆ ಬರೆದ ಹಸೆ ಚಿತ್ತಾರ ಇನ್ನೂ ಇತ್ತು. ಕೆಮ್ಮಣ್ಣಿನ ನೆಲ, ಅಕ್ಕಿಹಿಟ್ಟಿನ ಬಿಳಿ ಗೆರೆ, ಗೆರೆಯೊಳಗೆ ಗೆರೆ. ಮೂಲೆಯಲ್ಲಿ ಸ್ವಿಚ್ ಬೋರ್ಡ್ ಬಂದಿತ್ತು. ಚಿತ್ತಾರ ಅದರ ಸುತ್ತ ಬಳಸಿಕೊಂಡು ಹೋಗಿತ್ತು.

ಸಂಜೆ ಬುಟ್ಟಿಗೆ ಮೊದಲ ಸಗಣಿ ಬಿತ್ತು. ಅಕ್ಕ ಸಗಣಿಯನ್ನು ಅಂಗೈಯಲ್ಲಿ ತಿಕ್ಕಿ ಸಂದುಗಳಿಗೆ ತುಂಬಿದರು. ನನಗೆ ಚಿಕ್ಕ ಬುಟ್ಟಿ ಕೊಟ್ಟರು. "ಬಳಿದು ಬಿಡು. ನಾಳೆ ಒಣಗಿದ ಮೇಲೆ ಇನ್ನೊಂದು ಸಲ. ಆಮೇಲೆ ಕೆಮ್ಮಣ್ಣು. ಒಣಗಾ ತನಕ ಬರಿಯಂಗಿಲ್ಲ."

"ಅಷ್ಟರಲ್ಲಿ ಏನು ಮಾಡೋದು ಅಕ್ಕ?"

"ಅಷ್ಟರಲ್ಲಿ ಬೇರೆ ಕೆಲ್ಸ ಇಲ್ವನೇ?"

ಎರಡನೇ ದಿನ, ದ್ವಾದಶಿ

ಅಕ್ಕನ ಬೇರೆ ಕೆಲಸ ಅಂದರೆ ಮಗ್ಗ. ಐದಕ್ಕೆ ಏಳುತ್ತಾರೆ, ಹಾಲು ಕರೆಯುತ್ತಾರೆ, ತಿಂಡಿ ಮಾಡಿ ಭೀಮನಕೋಣೆಗೆ ಹೋಗುತ್ತಾರೆ. ಅಲ್ಲಿ ಚರಕ ಅನ್ನೋ ಮಹಿಳೆಯರ ಸಹಕಾರ ಸಂಘ ಇದೆ, ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ್ದು. ಕೈಮಗ್ಗದ ಬಟ್ಟೆ, ಗಿಡಮೂಲದ ಬಣ್ಣ. ನಾನೂ ಹಿಂದೆ ಹೋದೆ.

ಮಗ್ಗದ ಸದ್ದು ಹಿಡಿದೆ. ಅಕ್ಕನ ಮಗ್ಗಕ್ಕೂ ಪಕ್ಕದ ಮಗ್ಗಕ್ಕೂ ತಾಳ ಕೂಡುತ್ತಿರಲಿಲ್ಲ. ಎಲ್ಲೋ ಒಂದು ಕ್ಷಣ ಕೂಡುತ್ತಿತ್ತು, ಮತ್ತೆ ತಪ್ಪುತ್ತಿತ್ತು. ಹತ್ತು ನಿಮಿಷ ಕಣ್ಣು ಮುಚ್ಚಿ ಕೇಳಿದೆ. ಆಮೇಲೆ ಯಾರೋ ನಿದ್ದೆ ಅಂದುಕೊಂಡು ಟೀ ತಂದುಕೊಟ್ಟರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಚೊಗರು. ಅಡಿಕೆ ಸುಲಿದು ಬೇಯಿಸುತ್ತಾರಲ್ಲ, ಆ ಕೆಂಪು ನೀರು. ಅದೇ ನೀರಿನಲ್ಲಿ ಮತ್ತೆ ಮತ್ತೆ ಅಡಿಕೆ ಬೇಯಿಸಿದಷ್ಟೂ ಅದು ಮಂದ ಆಗುತ್ತದೆ. ತೋಟದ ಮನೆಗಳಲ್ಲಿ ಇದನ್ನು ಅಡಿಕೆಗೇ ಬಣ್ಣ ಬರಲಿ ಅಂತ ಹಾಕುತ್ತಾರೆ. ಬಟ್ಟೆಗೂ ಹಾಕಬಹುದು. ಪಟಿಕದ ನೀರಿನಲ್ಲಿ ಅದ್ದಿದ ನೂಲಿಗೆ ಚೊಗರು ಹಾಕಿದರೆ ಕೆಂಪು ಮಿಶ್ರಿತ ಕಂದು. ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಸಿದ ಕಸರು ಸೇರಿಸಿದರೆ ಬೂದಿಯಿಂದ ಕಪ್ಪಿನ ತನಕ ಹೋಗುತ್ತದೆ. ಚಹಾ ಲೋಟಕ್ಕೆ ತುಕ್ಕು ಬಿದ್ದರೆ ಕಪ್ಪಾಗುತ್ತದಲ್ಲ, ಅದೇ ಲೆಕ್ಕ, ಎರಡರಲ್ಲೂ ಒಗರು ಇದೆ. ಈ ವರ್ಷದ ಅಡಿಕೆ ಗೊನೆಯ ಕೊಯ್ಲು ಈಗಷ್ಟೇ ಶುರುವಾಗುತ್ತಿದೆ. ಹಾಗಾಗಿ ನಾನು ನೋಡಿದ್ದು ಹೋದ ವರ್ಷದ ಚೊಗರು.

ಬೊಂಬೆಗಳಿಗೆ ಮೈಬಣ್ಣ ಸಿಕ್ಕಿರಲಿಲ್ಲ. ಅಂಗಡಿಯಲ್ಲಿ 'ಚರ್ಮದ ಬಣ್ಣ' ಅಂತ ಒಂದು ಟ್ಯೂಬ್ ಮಾರುತ್ತಾರೆ. ಆ ಬಣ್ಣದ ಮನುಷ್ಯರನ್ನು ನಾನಂತೂ ಕಂಡಿಲ್ಲ. ಒಂದು ಬಾಟಲಿಯಷ್ಟು ಚೊಗರು ಕೇಳಿ ತಂದೆ. ಮನೆಯ ಜಗುಲಿಯಲ್ಲಿ ಕೂತು ಹತ್ತಿ ಬಟ್ಟೆಯ ಹದಿನಾಲ್ಕು ತುಂಡುಗಳನ್ನು ಒಂದು ಸಲ, ಎರಡು ಸಲ, ಮೂರು ಸಲ ಹೀಗೆ ಅದ್ದುತ್ತ ಹೋದೆ. ಶಾಲೆಯಿಂದ ಬಂದ ಮಗ ಕೈ ಪಕ್ಕಕ್ಕಿಟ್ಟು ನೋಡಿ, "ಆರನೇದು ನಾನು, ಒಂಬತ್ತು ಅಪ್ಪ" ಅಂದ. ಅಜ್ಜಿ ಹನ್ನೊಂದು. ನಾನು ನಾಲ್ಕಕ್ಕೂ ಐದಕ್ಕೂ ನಡುವೆ.

ಬುಟ್ಟಿಗೆ ಎರಡನೇ ಸಲ ಸಗಣಿ ಆಯಿತು. ಕೆಮ್ಮಣ್ಣು ನಾಳೆ ಅಂದರು. ಅಷ್ಟು ಹೇಳುವಾಗಲೇ ಪಶ್ಚಿಮದಲ್ಲಿ ಗುಡುಗು ಶುರುವಾಗಿತ್ತು.

ಮೂರನೇ ದಿನ, ತ್ರಯೋದಶಿ

ಮಳೆ. ರಾತ್ರಿಯೆಲ್ಲ, ಬೆಳಗ್ಗೆಯೂ.

"ಚಿತ್ತೆ ಮಳೆ," ಅಂದರು ಅಜ್ಜಿ. "ಕುರುಡು ಅದು." ಈ ಕಡೆಯಲ್ಲಿ ಅಕ್ಟೋಬರ್ ನಡುವಿನ ಮಳೆಗೆ ಕುರುಡು ಚಿತ್ತೆ ಅಂತಲೇ ಹೆಸರು, ಎಲ್ಲಿ ಎರಚುತ್ತದೆ ಅಂತ ಅದಕ್ಕೇ ಗೊತ್ತಿರಲ್ಲ. ಪಂಚಾಂಗದಲ್ಲಿ ಇದು ಶರದೃತು. ನಾನು ಆ ಪದ ಎತ್ತಿದಾಗ ಮನೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಇಲ್ಲಿ 'ಭತ್ತ ಹೊಡೆ ಆಗೋ ಹೊತ್ತು' ಅಂತಾರೆ. ಪೈರಿನ ಹೊಟ್ಟೆಯಲ್ಲಿ ತೆನೆ ತುಂಬಿಕೊಂಡು ಇನ್ನೂ ಹೊರಗೆ ಬಂದಿರದ ಹೊತ್ತು. ಅದಕ್ಕೇ ಭೂಮಿ ಬಸುರಿ. ಬಸುರಿಗೆ ಬಯಕೆ ಇರುತ್ತದೆ, ಬಯಕೆಗೆ ಊಟ ಹೊತ್ತುಕೊಂಡು ಹೋಗಬೇಕು. ಬುಟ್ಟಿ ಇರೋದು ಅದಕ್ಕೆ.

ಬುಟ್ಟಿ ಮಾತ್ರ ಹಸಿ ಹಸಿ. ಒಲೆಯ ಮೇಲಿನ ಹಗ್ಗಕ್ಕೆ ಎರಡನ್ನೂ ಕಟ್ಟಿ ತೂಗುಬಿಟ್ಟರು. ಅಡುಗೆಮನೆ ತುಂಬ ಸಗಣಿ ಮತ್ತೆ ಹೊಗೆಯ ವಾಸನೆ. ನಾನು ಎರಡು ನಿಮಿಷಕ್ಕೊಮ್ಮೆ ಮುಟ್ಟಿ ನೋಡುತ್ತಿದ್ದೆ. ಅಕ್ಕ ಬೈದೇ ಬಿಟ್ಟರು. "ಮುಟ್ಟಿದ್ರೆ ಒಣಗ್ತದಾ ಮಾರಾಯ್ತಿ? ಎಲ್ಲಾದ್ರೂ ಹೋಗಿ ಬಾ."

ಕೊಡೆ ಹಿಡಿದು ಇಕ್ಕೇರಿಗೆ ಹೋದೆ. ಸಾಗರದ ಪಕ್ಕದಲ್ಲೇ ಇರೋ ಊರು, ಒಂದು ಕಾಲಕ್ಕೆ ಕೆಳದಿ ನಾಯಕರ ರಾಜಧಾನಿ. ಈಗ ಉಳಿದಿರೋದು ಅಘೋರೇಶ್ವರ ದೇವಸ್ಥಾನ, ಎದುರಿಗೆ ನಂದಿ ಮಂಟಪ, ಸುತ್ತ ಹುಲ್ಲು. ಮಳೆಯಲ್ಲಿ ಕಲ್ಲು ಕಪ್ಪಗೆ ಹೊಳೆಯುತ್ತಿತ್ತು. ನಾನೊಬ್ಬಳೇ.

ಒಳಗೆ ನೆಲದ ಮೇಲೆ ಅಡ್ಡಬಿದ್ದ ಮೂವರು ಕೆಳದಿ ಅರಸರನ್ನು ಕೆತ್ತಿದ್ದಾರೆ. ಬಂದವರೆಲ್ಲ ದಾಟಿಕೊಂಡೇ ಒಳಗೆ ಹೋಗಬೇಕು. ಅರಸರು ತಮ್ಮನ್ನು ತಾವೇ ಹಾಗೆ ಮಲಗಿಸಿಕೊಂಡದ್ದು ನನಗೆ ಇಷ್ಟವಾಯಿತು. ಆದರೆ ನಾನು ಬಂದದ್ದು ಬೇರೆ ಒಂದು ವಿಷಯಕ್ಕೆ. ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿ ಒಂದು ಸಾಲು ಓದಿದ್ದೆ. ಈ ದೇವಸ್ಥಾನದ ನಡುಗಂಬಗಳ ನಡುವಿನ ಅಂತರವೇ ತೋಟ ಅಳೆಯುವ ಕೋಲಿನ ಅಳತೆ ಆಗಿತ್ತಂತೆ. 18 ಅಡಿ 6 ಅಂಗುಲ. ಅಳತೆಯಲ್ಲಿ ಜಗಳ ಬಂದರೆ ಕಂಬದ ಹತ್ತಿರ ಬಂದು ನೋಡಿಕೊಳ್ಳಬಹುದಿತ್ತು, ಅಲ್ವಾ? ಕಂಬ ಸುಳ್ಳು ಹೇಳಲ್ಲ, ಲಂಚ ತಿನ್ನಲ್ಲ.

ಟೇಪು ತೆಗೆದು ಕಂಬಕ್ಕೆ ಕೊಕ್ಕೆ ಸಿಕ್ಕಿಸಿ ಎಳೆಯುತ್ತ ಹೋದೆ. ನನ್ನ ಟೇಪು 16 ಅಡಿಯದ್ದು. ಸಾಲಲಿಲ್ಲ. ನಾಟಕದ ಕೆಲಸಕ್ಕೆ ಹತ್ತು ವರ್ಷದಿಂದ ಇದೇ ಟೇಪು, ಇದಕ್ಕಿಂತ ದೊಡ್ಡ ರಂಗ ನನಗೆ ಯಾರೂ ಕೊಟ್ಟೇ ಇರಲಿಲ್ಲ.

ಅಲ್ಲೇ ಜಗಲಿಯ ಮೇಲೆ ಕೂತು ಮಳೆ ನೋಡುತ್ತ ಒಂದು ತೀರ್ಮಾನ ಮಾಡಿದೆ. ಪರದೆಯ ಅಗಲ ಎಷ್ಟು ಅನ್ನೋದು ತಿಂಗಳಿಂದ ಕೊಳೆಯುತ್ತಿತ್ತು. 18 ಅಡಿ 6 ಅಂಗುಲ. ಯಾಕೆ ಅಂತ ನಾಟಕದವರು ಕೇಳುತ್ತಾರೆ. ಕೇಳಲಿ. ಹದಿನೈದೋ ಇಪ್ಪತ್ತೋ ಅಂದಿದ್ದರೆ ಅದಕ್ಕಾದರೂ ಕಾರಣ ಏನಿತ್ತು?

ವಾಪಸ್ ಬಂದಾಗ ಮಳೆ ನಿಂತಿತ್ತು, ಬುಟ್ಟಿ ಒಣಗಿತ್ತು, ಕೆಮ್ಮಣ್ಣೂ ಬಿದ್ದಿತ್ತು. ನಾನಿಲ್ಲದೆ ಎಲ್ಲ ಆಗಿತ್ತು. ಒಲೆಯ ಬಿಸಿಗೆ ಒಂದು ಕಡೆ ಸಣ್ಣ ಬಿರುಕು ಬಂದಿತ್ತು. ಅದಕ್ಕೆ ಅಜ್ಜಿ ಉಗುಳು ಹಚ್ಚಿ ತಿಕ್ಕಿ ಸರಿಮಾಡಿದರು.

ರಾತ್ರಿ ಊಟ ಆದ ಮೇಲೆ ಬರೆಯಲು ಕೂತೆವು. ನೆನೆಸಿದ ಅಕ್ಕಿ ರುಬ್ಬಿದ ಬಿಳಿ, ತೆಂಗಿನ ಚಿಪ್ಪಿನಲ್ಲಿ. ಕಪ್ಪು ಬೇಕಾದರೆ ಅದೇ ಅಕ್ಕಿ ಕರಿಯಾಗುವಷ್ಟು ಹುರಿದು ಅರೆದದ್ದು. ಬ್ರಷ್ಷು ಅಂದರೆ ಪುಂಡಿ ನಾರು. ತುದಿ ಜಜ್ಜಿ ಮೆದು ಮಾಡಿರುತ್ತಾರೆ. ನನ್ನ ಚೀಲದಲ್ಲಿ ಮೂರು ಸಾವಿರ ರೂಪಾಯಿಯ ಬ್ರಷ್ಷು ಇತ್ತು. ನಾಚಿಕೆಯಿಂದ ಅದನ್ನು ಹೊರಗೆ ತೆಗೆಯಲಿಲ್ಲ. ಆಮೇಲೆ ಗುಟ್ಟಾಗಿ ತೆಗೆದೆ. ನಾರೇ ವಾಸಿ. ಬ್ರಷ್ಷು ಗೆರೆಯನ್ನು ತಳ್ಳುತ್ತದೆ. ನಾರು ಉದ್ದಕ್ಕೆ ಮಲಗಿಕೊಳ್ಳುತ್ತದೆ, ಬಣ್ಣ ಹೊತ್ತುಕೊಂಡು ಹಿಂದೆ ಹಿಂದೆ ಬರುತ್ತದೆ. ಕೈ ನಡುಗಿದ್ದು ಅಷ್ಟು ಬೇಗ ಗೆರೆಗೆ ಗೊತ್ತಾಗಲ್ಲ.

ಅಕ್ಕ ದೊಡ್ಡ ಬುಟ್ಟಿಯ ಸುತ್ತ ಒಂದು ಎಳೆ ಎಳೆದರು. ಮೊದಲು ಶುರು ಮಾಡಿದ ಕಡೆಗೇ ಬಂದು ಸೇರಿತು. ಸ್ಕೇಲಿಲ್ಲ, ಗುರುತಿಲ್ಲ. ಮಗನ ಹೋಮ್‌ವರ್ಕ್ ಬಗ್ಗೆ ಮಾತಾಡುತ್ತಲೇ ಇದ್ದರು. ಅದರ ಪಕ್ಕ ಇನ್ನೊಂದು ಎಳೆ. ನಡುವೆ ನಿಲಿ, ಆಮೇಲೆ ಜೋಗಿ ಜಡೆ, ಮತ್ತೆ ಗೊಂಬೆ ಸಾಲು, ಎಲ್ಲ ಚಿತ್ತಾರದ ನಮೂನೆಗಳ ಹೆಸರು. ನಾನು ಚಿಕ್ಕ ಬುಟ್ಟಿಯ ಸುತ್ತ ಎಳೆದ ಎಳೆ ವಾಪಸ್ ಬಂದಾಗ ಎರಡು ಬೆರಳು ಕೆಳಗಿತ್ತು. ಒರೆಸಲು ಹೋದೆ, ಕೆಮ್ಮಣ್ಣೂ ಬಂತು. ಅದರ ಮೇಲೆ ಮತ್ತೆ ಬರೆದೆ, ದಪ್ಪ ಆಯಿತು. ಕೊನೆಗೆ ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏನೋ ಒಂದು ಹುಟ್ಟಿತು.

ಅಜ್ಜಿ ಕನ್ನಡಕ ಏರಿಸಿ ನೋಡಿದರು. ನಾನು ಬೈಗುಳಕ್ಕೆ ಕಾದೆ.

"ಇರ್ಲಿ ಬಿಡು. ಆ ಬದಿ ಹಿಂದಕ್ಕೆ ಮಾಡಿ ಹೊತ್ರಾಯ್ತು."

ನಾಲ್ಕನೇ ದಿನ, ಚತುರ್ದಶಿ

ಬೆಳಗ್ಗೆ ಉಳಿದ ಗೆರೆಗಳನ್ನು ಮುಗಿಸುತ್ತ ಅಕ್ಕ ದುಡ್ಡಿನ ಮಾತು ತೆಗೆದರು. ಈ ಐದು ದಿನದಲ್ಲಿ ನನಗೆ ಅತಿ ಹೆಚ್ಚು ಉಪಯೋಗ ಆದದ್ದು ಈ ಮಾತೇ.

ಅಕ್ಕ ಚಿತ್ತಾರವನ್ನು ಮಾರುತ್ತಾರೆ. ಹಬ್ಬದ ಬುಟ್ಟಿ ಅಲ್ಲ, ಹಾಳೆಯ ಮೇಲೆ ಬರೆದದ್ದು, ಹಲಗೆಯ ಮೇಲೆ ಬರೆದದ್ದು. ರೆಸಾರ್ಟಿನವರು ಗೋಡೆಗೆ ಕರೆಯುತ್ತಾರೆ.

"ಗೋಡೆಗೆ ಅಡಿ ಲೆಕ್ಕ. ಹಾಳೆಗೆ ಎಳೆ ಲೆಕ್ಕ," ಅಂದರು. "ಒಂದೆಳೆ ಚಿತ್ತಾರ ಬೇಗ ಆಗ್ತದೆ. ಐದೆಳೆ ಅಂದ್ರೆ ಕಣ್ಣು ಹೋಗ್ತದೆ. ಎರಡಕ್ಕೂ ಒಂದೇ ರೇಟು ಹೇಳಿದ್ರೆ ಹೆಂಗೆ? ನಿನ್ನ ರೇಟೆಷ್ಟು?"

"ಹಾಗೇನಿಲ್ಲ ಅಕ್ಕ. ಅವರು ಎಷ್ಟು ಕೊಡ್ತಾರೋ ಅಷ್ಟು."

ನಾರು ಕೆಳಗಿಟ್ಟು ನನ್ನ ಮುಖ ನೋಡಿದರು. "ಅಂದ್ರೆ ಕೂಲಿಗಿಂತ ಕಡೆ ಆತಲ್ಲ. ಕೂಲಿಗಾದ್ರೂ ದಿನಕ್ಕೆ ಇಷ್ಟು ಅಂತ ಇರ್ತದೆ."

ಒಂದು ಕಡೆಯಿಂದ ಎಂಟು ತಿಂಗಳಾದರೂ ದುಡ್ಡು ಬಂದಿಲ್ಲ ಅನ್ನೋದನ್ನು ಹೇಳಲಿಲ್ಲ. ಪರದೆಗೆ ಎಷ್ಟು, ಬೊಂಬೆಗೆ ಎಷ್ಟು, ಸದ್ದಿಗೆ ಎಷ್ಟು ಅಂತ ಅಕ್ಕ ಒಂದೊಂದೇ ಕೇಳುತ್ತ ಹೋದರು. ನಾನು ಎಲ್ಲ ಸೇರಿಸಿ ಒಂದು ಮೊತ್ತ ಒಪ್ಪಿಕೊಂಡಿದ್ದೆ. ಮೂರು ಕೆಲಸಕ್ಕೆ ಒಂದು ಸಂಬಳ. ಅಕ್ಕನಿಗೆ ಮಗ್ಗದ್ದು ಬೇರೆ, ಚಿತ್ತಾರದ್ದು ಬೇರೆ, ಹಾಲಿನದು ಬೇರೆ, ಮೂರಕ್ಕೂ ಮೂರು ಪುಸ್ತಕ. ಹಿಂಬದಿಗೆ ಕ್ಯಾಲ್ಕುಲೇಟರ್ ಇರುವ ಹಳೇ ಡೈರಿ ತೋರಿಸಿದರು. ನನ್ನ ನೋಟ್‌ಬುಕ್ಕಿನಲ್ಲಿ ಅವತ್ತು ಚಿತ್ರ ಇಲ್ಲ. ಮೂರು ಅಂಕಣ ಇದೆ.

ಮಧ್ಯಾಹ್ನ ಬೆರಕೆ ಸೊಪ್ಪು ಕೊಯ್ಯಲು ಹೋದೆವು. ನೂರೊಂದು ಸೊಪ್ಪು ಅಂತ ಬಾಯಿಮಾತು. ಬೇಲಿ, ಗದ್ದೆಯ ಬದು, ತೋಟದ ಅಂಚು ಎಲ್ಲ ಕಡೆಯಿಂದ ಚಿಗುರು ಚಿಗುರಾಗಿ ಕಿತ್ತು ಮಡಿಲಿಗೆ ಹಾಕಿಕೊಳ್ಳಬೇಕು. ನಾನು ಲೆಕ್ಕ ಇಟ್ಟೆ. ಇಪ್ಪತ್ತೇಳರ ತನಕ ಹೆಸರು ಬರೆದುಕೊಂಡೆ. ಆಮೇಲೆ ಅಜ್ಜಿ "ಇದು ಅದೇ, ಆದ್ರೆ ಅದಲ್ಲ" ಅಂತ ಶುರು ಮಾಡಿದರು, ಪೆನ್ನು ಮುಚ್ಚಿದೆ.

ಸಂಜೆ ಅಜ್ಜಿಯ ಹಾಡು ಹಿಡಿಯಬೇಕು ಅಂತ ಕೂತೆ. ಅಜ್ಜಿ ತಯಾರು. ಆದರೆ ಟಿವಿಯಲ್ಲಿ ಧಾರಾವಾಹಿ. "ಸೌಂಡ್ ಸ್ವಲ್ಪ ಕಡಿಮೆ ಮಾಡ್ಲಾ ಅಜ್ಜಿ?" ಅಂದೆ. "ಇವತ್ತು ಅವ್ಳಿಗೆ ನಿಜ ಗೊತ್ತಾಗ್ತದೆ" ಅಂದರು. ಹಾಗಾಗಿ ನನ್ನ ಹತ್ತಿರ ಇರುವುದು ಇದು: ಹಸೆ ಬರೆಯುವಾಗ ಹೇಳುವ ಹಾಡು, ನಡುವೆ ಟಿವಿಯ ಢಂ ಢಂ, ನಡುವೆ ಅಜ್ಜಿ ಹಾಡು ನಿಲ್ಲಿಸಿ "ಹೊಡೀ ಅವ್ನಿಗೆ" ಅಂದದ್ದು, ಮತ್ತೆ ಬಿಟ್ಟಲ್ಲಿಂದಲೇ ಹಾಡು. ಮೊದಲು ಬೇಜಾರಾಯಿತು. ಸ್ಟುಡಿಯೋದವರು ಟಿವಿ ತೆಗೆದು ಹಾಡು ಉಳಿಸಿಕೊಡಬಲ್ಲರು. ನಾನು ತೆಗೆಸಲ್ಲ.

ರಾತ್ರಿ ಯಾರೂ ಮಲಗಲಿಲ್ಲ. ಅಕ್ಕ, ಗೆಳತಿ, ಪಕ್ಕದ ಮನೆಯ ಇಬ್ಬರು, ಅಡುಗೆಮನೆಯಲ್ಲಿ ಕಾಲಿಡಲು ಜಾಗ ಇಲ್ಲ. ಎಲೆಯ ಕೊಟ್ಟೆಯಲ್ಲಿ ಕಡುಬು, ಸೌತೆಕಾಯಿ ಕಡುಬು, ಬುತ್ತಿ, ಪಾಯಸ, ಸೊಪ್ಪಿನ ಹಚ್ಚಂಬಲಿ, ಹಾಲಂಬಲಿ. ನನಗೆ ಕೊಟ್ಟೆ ಕಟ್ಟುವ ಕೆಲಸ. ಎಲೆಗೆ ಕಡ್ಡಿ ಚುಚ್ಚಿ ಲೋಟದ ಆಕಾರ ಮಾಡಬೇಕು. ಇದು ನನಗೆ ಬಂತು. ಬೊಂಬೆ ಕಟ್ಟುವ ಕೈ ಅಲ್ವಾ, ಮೊದಲ ಸಲಕ್ಕೇ ಸರಿ ಬಂತು. ಐವತ್ತು ಕೊಟ್ಟೆ ಆದ ಮೇಲೆ ಅಜ್ಜಿ ಒಂದನ್ನು ಎತ್ತಿ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ, ಇನ್ನೊಂದು ಹೊರೆ ಎಲೆ ತಂದು ಮುಂದೆ ಹಾಕಿದರು.

ಐದನೇ ದಿನ, ಹುಣ್ಣಿಮೆ

ನಾಲ್ಕೂವರೆ ಇರಬೇಕು. ಚಂದ್ರ ತೋಟದ ಹಿಂದಕ್ಕೆ ಇಳಿದಿದ್ದ, ಅಂಗಳದಲ್ಲಿ ಬೆಳಕು, ದಾರಿಯಲ್ಲಿ ಕತ್ತಲೆ. ಅಕ್ಕನ ಯಜಮಾನರು ತಲೆಗೆ ಟವೆಲ್ ಸುತ್ತಿ ದೊಡ್ಡ ಬುಟ್ಟಿ ಹೊತ್ತರು. ಮಗ ಚಿಕ್ಕದನ್ನು ಹೊತ್ತ. ನನ್ನ ಒಂದು ಕೈಗೆ ಟಾರ್ಚು, ಇನ್ನೊಂದಕ್ಕೆ ನೀರಿನ ಚೊಂಬು. ರೆಕಾರ್ಡರ್ ಆನ್ ಮಾಡಿ ಸ್ವೆಟರಿನ ಜೇಬಿಗೆ ಹಾಕಿಕೊಂಡೆ, ಬೇರೆ ದಾರಿ ಇರಲಿಲ್ಲ.

ಹುಡುಗನ ಹಿಂದೆಯೇ ನಾನು. ಟಾರ್ಚು ನೆಲಕ್ಕೆ ಬಿಟ್ಟರೆ ಅವನ ಕಾಲು ಕಾಣುತ್ತಿತ್ತು. ಸ್ವಲ್ಪ ಎತ್ತಿದರೆ ಬುಟ್ಟಿ. ಅಜ್ಜಿ ಹೇಳಿದ ಹಾಗೆ ಆ ಬದಿಯನ್ನು ಹಿಂದಕ್ಕೆ ಮಾಡಿಯೇ ಹೊತ್ತಿದ್ದ. ಬದುವಿನ ಉದ್ದಕ್ಕೂ, ಕಾಲುವೆ ದಾಟುವಾಗ, ಬೇಲಿ ತಡೆ ತೆಗೆಯುವಾಗ, ಎರಡು ಬೆರಳು ತಪ್ಪಿದ ನನ್ನ ಗೆರೆ, ಅದನ್ನು ಮುಚ್ಚಲು ಬರೆದ ಮೆಟ್ಟಿಲು, ಅದರ ಮೇಲಿನ ದಪ್ಪ ಬಿಳಿ, ಎಲ್ಲ ನನ್ನ ಮೂಗಿನ ಮುಂದೆಯೇ ಕುಣಿಯುತ್ತ ಹೋದವು. ಟಾರ್ಚು ತಗ್ಗಿಸಿದರೆ ಹುಡುಗ "ಅಕ್ಕಾ, ದಾರಿ ಕಾಣ್ತಿಲ್ಲ" ಅನ್ನುತ್ತಿದ್ದ.

ಗದ್ದೆಯಲ್ಲಿ ಪೈರು ಮೊಣಕಾಲು ದಾಟಿತ್ತು. ಇಬ್ಬನಿಗೆ ಬಟ್ಟೆಯೆಲ್ಲ ಒದ್ದೆ. ಒಂದು ಬುಡಕ್ಕೆ ಪೂಜೆ. ಅಕ್ಕ ಕೊರಳಿನ ಸರ ತೆಗೆದು ಪೈರಿಗೆ ಹಾಕಿದರು, ಅರಿಸಿನ ಕುಂಕುಮ ಹಚ್ಚಿದರು. ಎಡೆಯಲ್ಲಿ ಕಾಗೆಗೆ ಒಂದು ಪಾಲು, ಇಲಿಗೆ ಒಂದು ಪಾಲು. ಬುಟ್ಟಿ ಕಡಿದ ಇಲಿಗೂ ಸೇರಿ. ಒಂದು ಕಡುಬನ್ನು ಮಣ್ಣಿನಲ್ಲಿ ಹೂತರು, ಕೊಯ್ಲಿನ ಹೊತ್ತಿಗೆ ತೆಗೆಯುತ್ತಾರಂತೆ. ಆಮೇಲೆ ಯಜಮಾನರು ಚಿಕ್ಕ ಬುಟ್ಟಿಯಿಂದ ಸೊಪ್ಪಿನ ಅಡುಗೆ ಹಿಡಿಹಿಡಿಯಾಗಿ ಎರಚುತ್ತ ಗದ್ದೆಯ ಸುತ್ತ ಹೋದರು. "ಹಚ್ಚಂಬಲಿ, ಹಾಲಂಬಲಿ..." ಅಂತ ಜೋರಾಗಿ ಕೂಗು. ಆಚೆ ಗದ್ದೆಯಿಂದ ಇನ್ನೊಂದು ಕೂಗು. ಅದರಾಚೆ ಇನ್ನೊಂದು. ಜನ ಕಾಣುತ್ತಿರಲಿಲ್ಲ, ಟಾರ್ಚಿನ ಚುಕ್ಕಿಗಳು ಅಷ್ಟೇ. ಮಗ್ಗಗಳ ಹಾಗೆಯೇ, ಎಲ್ಲೋ ಒಂದು ಕ್ಷಣ ಎರಡು ಕೂಗು ಕೂಡುತ್ತಿದ್ದವು.

ಬೆಳಕಾಗುವಾಗ ಬದುವಿನ ಮೇಲೆ ಕೂತು ಬಾಳೆ ಎಲೆಯಲ್ಲಿ ಉಂಡೆವು. ಬೆಳಗ್ಗೆ ಆರೂವರೆಗೆ ಅಷ್ಟು ಊಟ ನಾನು ಯಾವತ್ತೂ ಮಾಡಿಲ್ಲ. ಖಾಲಿ ಬುಟ್ಟಿಗಳನ್ನು ಮನೆಗೆ ತಂದು ಅಕ್ಕ ಒಲೆಯ ಮೇಲಿನ ಅಟ್ಟಕ್ಕೆ ಎತ್ತಿಟ್ಟರು. ಚಿಕ್ಕದನ್ನು ಕೊಡ್ತೀರಾ ಅಂತ ಕೇಳಿದೆ.

"ಬರೋ ವರ್ಷ ಬೇಕಲ್ಲ ಮಾರಾಯ್ತಿ. ಮತ್ತೆ ಸಗಣಿ ಬಳಿದ್ರೆ ಆತು."

ರಾತ್ರಿ ರೈಲಿನಲ್ಲಿ ಇಯರ್‌ಫೋನ್ ಹಾಕಿ ಬೆಳಗಿನದನ್ನು ಕೇಳಿದೆ. ಜೇಬಿನಲ್ಲಿದ್ದ ರೆಕಾರ್ಡರ್‌ಗೆ ಪೂಜೆ ಕೇಳಿಸಿಲ್ಲ, ಯಾರ ಮಾತೂ ಸರಿಯಾಗಿ ಕೇಳಿಸಿಲ್ಲ. ಮುಕ್ಕಾಲು ಗಂಟೆ ಬರೀ ಸ್ವೆಟರ್ ಉಜ್ಜುವ ಸದ್ದು, ಸರ ಸರ ಸರ. ನಾಟಕಕ್ಕೆ ಭತ್ತದ ಪೈರಿನ ಸದ್ದು ಬೇಕು ಅಂತ ನಾನು ಎರಡು ತಿಂಗಳಿಂದ ಹುಡುಕುತ್ತಿದ್ದೆ. ಇದು ಅದೇ. ಕಣ್ಣು ಮುಚ್ಚಿದರೆ ಗದ್ದೆಯೇ. ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದೆ. ಬಹಳ ದೂರದಲ್ಲಿ ಒಂದು ಕೂಗು ಬರುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ, ತೀರ ಹತ್ತಿರದಲ್ಲಿ, ನನ್ನದೇ ದನಿ: "ಅಯ್ಯೋ, ಚಪ್ಪಲಿ ಹೋಯ್ತು!"